ಹಲ್ಲೆಯೆಂದು ತಪ್ಪಾಗಿ ತಿಳಿಯಲಾಗುವ ಶಿಶುಗಳ ಆನುವಂಶಿಕ ರೋಗಗಳು

ಹಸುಗೂಸಿನ ಮೈಮೇಲೆ ಪೆಟ್ಟಿನ ಗುರುತು ಕಂಡರೆ ಹೊಡೆದವರು ಯಾರೆಂದು ಕೇಳುವುದು ಸಹಜ, ಕೇಳಲೂ ಬೇಕು. ಆದರೆ ಕೆಲವು ಮಕ್ಕಳಲ್ಲಿ ಯಾರ ಕೈಯೂ ತಾಗದೆ ಮೂಳೆ ಮುರಿಯುತ್ತದೆ, ಚರ್ಮ ಕಂದುತ್ತದೆ, ತಲೆಬುರುಡೆಯೊಳಗೆ ರಕ್ತ ನಿಲ್ಲುತ್ತದೆ. ಕಾರಣ ಹುಟ್ಟಿನಿಂದಲೇ ಬಂದ ಜೀನ್ ದೋಷ.

1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ, ಮಿದುಳಿನ ಹೊದಿಕೆಯಡಿ ರಕ್ತ ನಿಂತ ಆರು ಶಿಶುಗಳ ಕೈಕಾಲು ಮೂಳೆಗಳಲ್ಲೂ ಮುರಿತಗಳಿರುವುದನ್ನು ಎಕ್ಸ್‌ರೇಯಲ್ಲಿ ಗುರುತಿಸಿದರು. 1962ರಲ್ಲಿ ಡೆನ್ವರ್‌ನ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಇದನ್ನು ಮಕ್ಕಳ ಮೇಲಿನ ಹಲ್ಲೆಯ ಲಕ್ಷಣವೆಂದು ಸ್ಪಷ್ಟವಾಗಿ ಹೆಸರಿಸಿದರು. ಅದರಿಂದ ಎಷ್ಟೋ ಮಕ್ಕಳ ಜೀವ ಉಳಿಯಿತು. ಅದೇ 1962ರಲ್ಲಿ ಜಾನ್ ಮೆಂಕಿಸ್ ಗಂಡುಮಕ್ಕಳ ರೋಗವೊಂದನ್ನು ವರ್ಣಿಸಿದರು. ಹತ್ತು ವರ್ಷಗಳ ಬಳಿಕ ಆಸ್ಟ್ರೇಲಿಯಾದ ಡೇವಿಡ್ ಡ್ಯಾಂಕ್ಸ್, ಆ ಮಕ್ಕಳ ಒರಟು ಕೂದಲಿನಲ್ಲಿ ತಾಮ್ರ ಸಾಲದ ಕುರಿಗಳ ಉಣ್ಣೆಯ ಹೋಲಿಕೆ ಕಂಡು, ದೇಹ ತಾಮ್ರ ಹೀರಿಕೊಳ್ಳಲಾಗದ್ದೇ ಕಾರಣವೆಂದು ತೋರಿಸಿದರು. ಈ ರೋಗದಲ್ಲೂ ಮೂಳೆಯ ತುದಿ ಮುರಿಯುತ್ತದೆ, ತಲೆಯೊಳಗೆ ರಕ್ತ ನಿಲ್ಲುತ್ತದೆ. ಕ್ಯಾಫಿ ಕಂಡ ಚಿತ್ರವನ್ನೇ ಹೋಲುತ್ತದೆ. 1975ರಲ್ಲಿ ವರದಿಯಾದ ಗ್ಲುಟಾರಿಕ್ ಆಮ್ಲರೋಗ (ಮೊದಲ ಬಗೆ) ಇನ್ನೂ ಮೋಸದ್ದು. ಇದರಲ್ಲಿ ತಲೆ ದೊಡ್ಡದಾಗಿ, ಮಿದುಳಿನ ಸುತ್ತಲಿನ ರಕ್ತನಾಳಗಳು ಬಿಗಿದು, ಸಣ್ಣ ಕುಲುಕಿಗೂ ರಕ್ತ ಒಸರುತ್ತದೆ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಗಾಜಿನಂತೆ ಮುರಿಯುವ ಮೂಳೆಗಳ ರೋಗ, ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಸುಮಾರು 15ರಿಂದ 20 ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ. ಡಯಾಪರ್ ಬದಲಿಸುವಾಗಲೂ ತೊಡೆಮೂಳೆ ಮುರಿಯಬಹುದು. ಹಲವರ ಕಣ್ಣಿನ ಬಿಳಿಭಾಗ ನೀಲಿಯಾಗಿರುತ್ತದೆ, ಎಲ್ಲರದ್ದಲ್ಲ. ತಂದೆತಾಯಿ ಆರೋಗ್ಯವಾಗಿದ್ದರೂ ಹೊಸ ಜೀನ್ ಬದಲಾವಣೆಯಿಂದ ಬರಬಹುದಾದ್ದರಿಂದ 'ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ' ಎಂಬ ಮಾತು ರೋಗವನ್ನು ತಳ್ಳಿಹಾಕಲು ಸಾಲದು. ಇಬ್ಬರಿಂದಲೂ ಬಂದ ದೋಷದ ಜೀನ್ ಕೂಡಿ ಉಂಟಾಗುವ ಬಗೆಯ ಮೊದಲ ಜೀನ್ 2006ರಲ್ಲಿ ಪತ್ತೆಯಾಯಿತು.

ಮುಳಬಾಗಿಲಿನ ಕಡೆಯ ಓದುಗರಿಗೆ ಈ ಕೊನೆಯ ಬಗೆ ಮುಖ್ಯ. ಕೋಲಾರ ಸೀಮೆಯಲ್ಲಿ ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು, ತೆಲುಗು ಮನೆಮಾತಿನವರು ಮೇನರಿಕಂ ಎನ್ನುವ ಅತ್ತೆ-ಮಾವನ ಮಕ್ಕಳ ಸಂಬಂಧ, ಹಳೆಯ ರೂಢಿ. ಒಂದೇ ಅಜ್ಜನಿಂದ ಬಂದ ದೋಷದ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಆಗ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅವರೊಂದಿಗೆ ಎ. ಎಚ್. ಬಿಟಲ್ಸ್ ಮೊದಲಾದವರು ಕರ್ನಾಟಕದ ನವಜಾತ ಶಿಶುಗಳನ್ನು ತಪಾಸಿಸಿದಾಗ, ಮೂರರಲ್ಲಿ ಒಂದರಷ್ಟು ತಂದೆತಾಯಿಗಳು ರಕ್ತಸಂಬಂಧಿಗಳೆಂದು ತಿಳಿದುಬಂತು. ಆದ್ದರಿಂದ 'ನಿಮ್ಮಿಬ್ಬರಿಗೂ ಸಂಬಂಧವೇನಮ್ಮ?' ಎಂದು ವೈದ್ಯರು ತಾಯಿಯನ್ನು ಕೇಳುವುದು ಇಲ್ಲಿ ಎಕ್ಸ್‌ರೇಯಷ್ಟೇ ಬೆಲೆಯುಳ್ಳ ಪರೀಕ್ಷೆ. ಅದನ್ನು ನಾಚಿಕೆಯಾಗದಂತೆ ಕೇಳಬೇಕು.

ಕುಸುಮರೋಗ ಎಂದು ಕರೆಯುವ ಹಿಮೋಫಿಲಿಯಾ ಬೇರೆ ದಾರಿಯದು: ಬಹುಮಟ್ಟಿಗೆ ತಾಯಿಯಿಂದ ಗಂಡುಮಗುವಿಗೆ. ಅಂಬೆಗಾಲಿಡುವಾಗ ಮೊಣಕಾಲು, ಎದೆ ಕಂದುತ್ತವೆ. ಇನ್ನು ಪೆಟ್ಟಿನಂತೆ ಕಾಣುವ, ಸೊಂಟದ ಕೆಳಗಿನ ಹುಟ್ಟು ನೀಲಿ ಮಚ್ಚೆ ರೋಗವೇ ಅಲ್ಲ. ಪೆಟ್ಟಿನ ಗುರುತು ದಿನದಿನಕ್ಕೆ ಬಣ್ಣ ಬದಲಿಸುತ್ತದೆ, ಮಚ್ಚೆ ಕೆಲವು ವರ್ಷ ಹಾಗೇ ಇದ್ದು ಮಾಸುತ್ತದೆ.

ತಪ್ಪು ತೀರ್ಮಾನದ ಬೆಲೆಯನ್ನು ತೋರಿಸಿದ್ದು ಅಮೆರಿಕದ ಮಿಸೌರಿಯ ಪ್ರಕರಣ. 1989ರಲ್ಲಿ ಸತ್ತ ಶಿಶುವಿಗೆ ವಿಷವುಣಿಸಿದಳೆಂದು ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪಿಗೆ ಮುನ್ನ ಆಕೆ ಜೈಲಿನಲ್ಲಿರುವಾಗಲೇ ಹುಟ್ಟಿ, ಆಕೆಯಿಂದ ದೂರವೇ ಬೆಳೆದ ಎರಡನೇ ಮಗುವಿಗೂ ಅದೇ ಕಾಯಿಲೆ ಬಂದಿತ್ತು: ಮಿಥೈಲ್‌ಮಲೋನಿಕ್ ಆಮ್ಲರೋಗ. ಮೊದಲ ಮಗುವಿನ ರಕ್ತವನ್ನು ಮತ್ತೆ ಪರೀಕ್ಷಿಸಿ, 1991ರಲ್ಲಿ ಆರೋಪ ಕೈಬಿಡಲಾಯಿತು.

ನಿಜವಾದ ಹಲ್ಲೆ ಈ ರೋಗಗಳಿಗಿಂತ ಎಷ್ಟೋ ಹೆಚ್ಚು. ರೋಗವಿರುವ ಮಗುವಿಗೂ ಏಟು ಬಿದ್ದಿರಬಹುದು. ಹಾಗಾಗಿ ಮಗುವಿನ ರಕ್ಷಣೆ ಮತ್ತು ಪರೀಕ್ಷೆ ಜೊತೆಜೊತೆಗೆ ನಡೆಯಬೇಕು. ರಕ್ತ ಹೆಪ್ಪುಗಟ್ಟುವ ಅವಧಿಯನ್ನು ಕೋಲಾರದಲ್ಲೇ ನೋಡಬಹುದು. ಜೀನ್ ಪರೀಕ್ಷೆಗೆ, 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಲಾದ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ. ಮೊದಲ ಮಗುವಿನಲ್ಲಿ ಗ್ಲುಟಾರಿಕ್ ಆಮ್ಲರೋಗ ಖಚಿತವಾದರೆ, ಮುಂದಿನ ಮಗುವನ್ನು ಹುಟ್ಟಿದ ಕೂಡಲೇ ಪರೀಕ್ಷಿಸಿ, ಮೊದಲ ಜ್ವರ ಬರುವ ಮುನ್ನವೇ ಆಹಾರದಲ್ಲಿ ಲೈಸೀನ್ ತಗ್ಗಿಸಿ ಕಾರ್ನಿಟಿನ್ ಶುರುಮಾಡಬಹುದು.