ಮನಿಯಾರ್ಡರ್ ಫಾರಂ: ಉಳಿದ ತುಂಡುಗಳ ಸಾಕ್ಷ್ಯ

ಸರ್ಕಾರಿ ಖಜಾನೆಗಳು ನಡೆಸುತ್ತಿದ್ದ ಹಣ ರವಾನೆಯ ಕೆಲಸ ಭಾರತದಲ್ಲಿ ಅಂಚೆ ಇಲಾಖೆಯ ಪಾಲಿಗೆ ಬಂದದ್ದು 1880ರಲ್ಲಿ. ವಿ.ಪಿ.ಪಿ. (ಪಾರ್ಸೆಲ್ ಮುಟ್ಟಿಸುವಾಗ ಅದರ ಬೆಲೆಯನ್ನು ಪಡೆದು ಕಳಿಸಿದವರಿಗೆ ತಲುಪಿಸುವ ಅಂಚೆ ಸೇವೆ) ಅದಕ್ಕೂ ಮೊದಲಿನದು, 1877ರದು. ತಂತಿ ಮನಿಯಾರ್ಡರ್ 1884ರದು. ಹಳೆಯ ಪದ್ಧತಿಯ ಮನಿಯಾರ್ಡರ್ 2015ರಲ್ಲಿ ನಿಂತಿತು. ಒಂದು ಶತಮಾನಕ್ಕೂ ಮಿಕ್ಕಿ ಹಳ್ಳಿಹಳ್ಳಿಗೂ ಹೋಗಿಬಂದ ಮನಿಯಾರ್ಡರ್ ಫಾರಂ ಇಂದು ಸಂಗ್ರಹಗಳಲ್ಲಿ ಇಡಿಯಾಗಿ ಸಿಗುವುದು ಅಪರೂಪ.

ಇದಕ್ಕೆ ಸಂಗ್ರಾಹಕರ ಉಪೇಕ್ಷೆಯೂ ಕಾರಣ. ಜರ್ಮನಿಯಲ್ಲಿ ಅಂಚೆಚೀಟಿಯನ್ನೇ ಅಚ್ಚೊತ್ತಿದ ಹಣ ರವಾನೆ ಫಾರಂಗಳಿದ್ದವು. ಅವು ಅಂಚೆ ಲೇಖನಸಾಮಗ್ರಿಯ ಕ್ಯಾಟಲಾಗುಗಳಲ್ಲಿ ಸ್ಥಾನ ಪಡೆದವು. ನಮ್ಮಲ್ಲಿ ಕಮಿಷನ್ನನ್ನು ನಗದಾಗಿ ಕಟ್ಟುವುದು ವಾಡಿಕೆಯಾಗಿತ್ತು. ಚೀಟಿಯಿಲ್ಲದ ಕಾಗದದ ಮೇಲೆ ಚೀಟಿಪ್ರಿಯರ ಕಣ್ಣು ಬೀಳಲಿಲ್ಲ.

ಆದರೆ ಮುಖ್ಯ ಕಾರಣ ಫಾರಮ್ಮಿನ ರಚನೆಯಲ್ಲೇ ಇದೆ. ಹಣ ಪಡೆದವರ ರುಜು ಬಿದ್ದ ಮುಖ್ಯ ಭಾಗ ಲೆಕ್ಕಪತ್ರವಾಗಿ ಇಲಾಖೆಗೆ ಹೋಗುತ್ತಿತ್ತು, ಅವಧಿ ಮುಗಿದ ಮೇಲೆ ನಾಶವಾಗುತ್ತಿತ್ತು. ಹಣ ಮುಟ್ಟಿದ ರಸೀದಿ ಕಳಿಸಿದವರಿಗೆ ಮರಳುತ್ತಿತ್ತು. ನಾಲ್ಕು ಸಾಲು ಬರೆಯಲು ಜಾಗವಿದ್ದ ಕೂಪನ್ ಪಡೆದವರ ಬಳಿ ಉಳಿಯುತ್ತಿತ್ತು. ಹೀಗಾಗಿ ಒಂದೇ ವ್ಯವಹಾರದ ರಸೀದಿ ಮುಂಬಯಿಯ ಹೋಟೆಲ್ ಕೆಲಸಗಾರನ ಪೆಟ್ಟಿಗೆಯಲ್ಲಿ, ಕೂಪನ್ ಉಡುಪಿ ಕಡೆಯ ಅವನ ಮನೆಯಲ್ಲಿ ಇರಬೇಕು. ಎರಡೂ ಒಂದೆಡೆ ಸೇರಿದ ಸಂಗ್ರಹ ಸಿಕ್ಕರೆ ಅದು ಸಂಶೋಧಕನ ಅದೃಷ್ಟ.

ಯಾವ ತುಂಡು ಸಿಕ್ಕಿದೆ ಎಂಬುದರ ಮೇಲೆ ಕೇಳಬಹುದಾದ ಪ್ರಶ್ನೆಗಳೂ ಬದಲಾಗುತ್ತವೆ. ರಸೀದಿಯಲ್ಲಿ ಪಡೆದವರ ರುಜು ಅಥವಾ ಹೆಬ್ಬೆಟ್ಟಿನ ಗುರುತು ಇರುತ್ತದೆ. ಹೆಬ್ಬೆಟ್ಟಾದರೆ ಪಕ್ಕದಲ್ಲಿ ಸಾಕ್ಷಿಯ ಸಹಿಯನ್ನು ಹುಡುಕಬೇಕು: ಹಣ ಪಡೆದ ಹೆಂಗಸಿಗೆ ಸಾಕ್ಷಿ ನಿಂತವರು ಯಾರು, ಶಾನುಭೋಗರೋ, ಮೇಷ್ಟ್ರೋ, ಮನೆಯವರೋ? ಊರಿನ ಅಕ್ಷರಸ್ಥರು ಯಾರು ಎಂಬುದಕ್ಕೆ ಇಷ್ಟು ಚಿಕ್ಕ ಕಾಗದದಲ್ಲಿ ಇಷ್ಟು ನೇರ ಪುರಾವೆ ಬೇರೆಲ್ಲೂ ಸಿಗುವುದು ಕಷ್ಟ. ಕೂಪನ್ನಿನಲ್ಲಿ ಸಿಗುವುದು ಸಂಸಾರದ ಲೆಕ್ಕ: ಇಷ್ಟು ಅಂಗಡಿ ಬಾಕಿಗೆ, ಇಷ್ಟು ಫೀಸಿಗೆ. ಪ್ರತ್ಯೇಕ ಅಂಚೆ ವೆಚ್ಚವಿಲ್ಲದೆ ಹೋಗುತ್ತಿದ್ದ ಕಾಗದವಾದ್ದರಿಂದ ಅಂಚಿನವರೆಗೂ ಬರೆದವರೇ ಹೆಚ್ಚು.

ಸಂಗ್ರಾಹಕರು ಈ ತುಂಡುಗಳನ್ನು ಅಂದಗೊಳಿಸಲು ಹೋಗಬಾರದು. ಗುಂಡುಸೂಜಿಯ ತುಕ್ಕು, ದಾರ ಪೋಣಿಸಿದ ತೂತು, ಹರಿದ ಅಂಚು, ಇವೆಲ್ಲ ಕಾಗದ ಎಲ್ಲಿ, ಹೇಗೆ ಉಳಿಯಿತೆಂದು ಹೇಳುತ್ತವೆ. ಲ್ಯಾಮಿನೇಷನ್ ಅಂತೂ ಕೂಡದು. ವೃದ್ಧರಿಗೆ ಮನಿಯಾರ್ಡರಿನಲ್ಲಿ ಬರುತ್ತಿದ್ದ ಸಂಧ್ಯಾ ಸುರಕ್ಷಾ ಪಿಂಚಣಿಯಂಥ ಇತ್ತೀಚಿನ ಕಾಗದಗಳನ್ನು ಪ್ರಕಟಿಸುವಾಗ ಹೆಸರು, ವಿಳಾಸಗಳನ್ನು ಮುಚ್ಚುವುದು ಕರ್ತವ್ಯ. ಆ ವೃದ್ಧರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇರಬಹುದು.

2008ರಲ್ಲಿ ಬಂದ ಇ-ಮನಿಯಾರ್ಡರಿನಲ್ಲಿ ಕಳಿಸುವವರ ಕೈಬರಹ ಪಡೆಯುವವರನ್ನು ತಲುಪುವುದಿಲ್ಲ. ಸಂದೇಶವನ್ನು ಸಿದ್ಧಪಟ್ಟಿಯಿಂದ ಆರಿಸಬೇಕು. ಆದ್ದರಿಂದ ಈ ಕಾಲದ ಸಂಗ್ರಹಕ್ಕೆ ಮುದ್ರಿತ ಹಾಳೆಯೊಂದೇ ಸಾಲದು. ಕೌಂಟರಿನಲ್ಲಿದ್ದ ಆ ಪಟ್ಟಿಯೂ ಬೇಕು. ಕಳಿಸಿದವರ ಮುಂದೆ ಯಾವ ಮಾತುಗಳಿದ್ದವು, ಯಾವುವು ಇರಲೇ ಇಲ್ಲ ಎಂಬುದು ಅದರಿಂದ ಮಾತ್ರ ತಿಳಿಯುತ್ತದೆ.