ಪೀಣ್ಯದ ಷೆಡ್ಡಿನಲ್ಲಿ ಶುರುವಾದ ಗಾಳಿಯ ಲೆಕ್ಕ

ಹಳೆಯ ಎರಡು ರೂಪಾಯಿ ನೋಟು ಬಳಸಿದವರಿಗೆ ದೇಶದ ಮೊದಲ ಉಪಗ್ರಹ ಆರ್ಯಭಟನ ಗುರುತು ಇದ್ದೇ ಇರುತ್ತದೆ. ನೋಟಿನ ಹಿಂಬದಿಯಲ್ಲಿ ಮುಖಮುಖವಾಗಿ ಕೆತ್ತಿದಂತಿದ್ದ ಆ ಗೋಳವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ. ಅಲ್ಲಿ ಕೆಲಸ ಶುರುವಾದದ್ದು 1972ರಲ್ಲಿ. ಅದನ್ನು ಕಟ್ಟಿದ ತಂಡವೇ ಮುಂದೆ ಇಸ್ರೋ ಉಪಗ್ರಹ ಕೇಂದ್ರವಾಯಿತು. 2018ರ ಏಪ್ರಿಲ್‌ನಿಂದ ಅದಕ್ಕೆ ಯು.ಆರ್. ರಾವ್ ಉಪಗ್ರಹ ಕೇಂದ್ರ ಎಂದು ಹೆಸರು. ಐವತ್ತು ವರ್ಷ ದಾಟಿದ ಈ ಸಂಸ್ಥೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಚಂದ್ರಯಾನ, ಮಂಗಳಯಾನಗಳನ್ನೇ ಹೇಳಿ ಮುಗಿಸುತ್ತಾರೆ. ನಾನು ಹೇಳಹೊರಟಿರುವುದು ನಮ್ಮ ತಲೆಯ ಮೇಲಿನ ಗಾಳಿಯ ಮಾತು. ನಮ್ಮ ಗದಗ ಸೀಮೆಯ ಅಂತೂರ, ಬೆಂತೂರದ ರೈತ ದಿನಾ ಕತ್ತೆತ್ತಿ ನೋಡುವುದು ಚಂದ್ರನನ್ನಲ್ಲ, ಮುಗಿಲನ್ನು.

ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ, ಈ ಕೇಂದ್ರಕ್ಕೆ ಹೆಸರಾದ ಉಡುಪಿ ರಾಮಚಂದ್ರ ರಾಯರು ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ. ಹಾಗಾಗಿ ನಮ್ಮ ಕಡೆಯ ಬಿಸಿಲಿನ ಪರಿಚಯ ಅವರಿಗೆ ಇತ್ತು. ವಿಕ್ರಮ್ ಸಾರಾಭಾಯಿಯವರ ಶಿಷ್ಯ. ಸಾರಾಭಾಯಿ 1971ರ ಡಿಸೆಂಬರ್ ಕೊನೆಗೆ ತೀರಿಕೊಂಡರು. ಮುಂದಿನ ಮೇ ತಿಂಗಳಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯೊಂದಿಗೆ ಒಪ್ಪಂದವಾಯಿತು. ಉಪಗ್ರಹ ನಮ್ಮದು, ರಾಕೆಟ್ ಅವರದು. ಅದುವರೆಗೆ ಉಪಗ್ರಹವನ್ನೇ ಕಟ್ಟಿರದ ಹುಡುಗರನ್ನು ಸೇರಿಸಿಕೊಂಡು ರಾಯರು ಮೂರು ವರ್ಷದಲ್ಲಿ 360 ಕಿಲೋ ತೂಕದ, 26 ಮುಖಗಳ ಆರ್ಯಭಟನನ್ನು ನಿಲ್ಲಿಸಿದರು. 1975ರ ಏಪ್ರಿಲ್ 19ರಂದು ರಷ್ಯಾದ ಕಪುಸ್ತಿನ್ ಯಾರ್‌ನಿಂದ ಅದು ಹಾರಿತು. ಇತ್ತ ಬೆಂಗಳೂರಿನಲ್ಲಿ ಸಂಕೇತ ಹಿಡಿಯುವ ಕೋಣೆಗೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ತೆರವು ಮಾಡಿ ಯಂತ್ರ ಕೂಡಿಸಿದ್ದರು.

ಆರ್ಯಭಟನ ಹೊಟ್ಟೆಯಲ್ಲಿದ್ದ ಪ್ರಯೋಗಗಳು ಮೂರು. ಒಂದು ಎಕ್ಸ್-ಕಿರಣಗಳದು, ಒಂದು ಸೂರ್ಯನದು, ಮೂರನೆಯದು ಭೂಮಿಯ ಮೇಲಿನ ವಾತಾವರಣದ್ದು. ಅಂದರೆ ಈ ದೇಶ ಮೇಲೆ ಕಳಿಸಿದ ಮೊದಲ ಉಪಗ್ರಹದಲ್ಲಿಯೇ ಗಾಳಿಯ ಅಧ್ಯಯನಕ್ಕೆ ಪಾಲಿತ್ತು. ದುರದೃಷ್ಟಕ್ಕೆ ವಿದ್ಯುತ್ ಪೂರೈಕೆ ಕೈಕೊಟ್ಟು ಐದನೇ ದಿನದ ಹೊತ್ತಿಗೆ ಪ್ರಯೋಗಗಳು ನಿಂತವು. ಉಪಗ್ರಹದ ಉಳಿದ ಭಾಗ ಮಾತ್ರ ವರ್ಷಗಟ್ಟಲೆ ಜೀವಂತವಿತ್ತು.

ಆಮೇಲಿನ ಎರಡು ದಶಕ ಈ ದಿಕ್ಕಿನಲ್ಲಿ ಹೇಳುವಂಥದ್ದು ಕಡಿಮೆ. 1994ರ ಮೇನಲ್ಲಿ ಹಾರಿದ ಸ್ರಾಸ್-ಸಿ2 ವಾತಾವರಣದ ಮೇಲ್ಪದರವಾದ ಅಯಾನುಗೋಳವನ್ನು ಅಳೆಯಿತು. ಏಳು ವರ್ಷ ದುಡಿಯಿತು ಎನ್ನುವುದು ಸಣ್ಣ ಮಾತಲ್ಲ.

ನನ್ನ ಮಟ್ಟಿಗೆ ಈ ಸಂಸ್ಥೆಯ ನಿಜವಾದ ವಾತಾವರಣ ಉಪಗ್ರಹವೆಂದರೆ ಮೇಘಾ-ಟ್ರೋಪಿಕ್ಸ್. ಫ್ರಾನ್ಸ್ ಜೊತೆ ಸೇರಿ ಕಟ್ಟಿದ ಇದು 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಹೊರಟಿತು. ಸುಮಾರು ಒಂದು ಸಾವಿರ ಕಿಲೋ ತೂಕ, 867 ಕಿಲೋಮೀಟರ್ ಎತ್ತರ. ಇದರ ವಿಶೇಷ ಅದು ಹಿಡಿದ ದಾರಿಯಲ್ಲಿತ್ತು. ಭೂವೀಕ್ಷಣೆಯ ಬಹುಪಾಲು ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ನಮ್ಮಂಥ ಊರಿನ ಮೇಲೆ ದಿನಕ್ಕೊಂದೆರಡು ಸಲ ಹಾದರೆ ಹೆಚ್ಚು. ಇದನ್ನು ಸಮಭಾಜಕಕ್ಕೆ ಬರೀ 20 ಡಿಗ್ರಿ ವಾರೆಯಾಗಿ ಬಿಟ್ಟಿದ್ದರು. ಹಾಗಾಗಿ ಅದರ ಹಾದಿ 20 ಡಿಗ್ರಿ ಉತ್ತರ, 20 ಡಿಗ್ರಿ ದಕ್ಷಿಣದ ನಡುವೆಯೇ ಉಳಿಯುತ್ತಿತ್ತು. ಗದಗ ಇರುವುದು 15 ಡಿಗ್ರಿ ಚಿಲ್ಲರೆಯಲ್ಲಿ, ಸರಿಯಾಗಿ ಆ ಪಟ್ಟಿಯೊಳಗೆ. ದಿಲ್ಲಿ ಅದರ ಹಾದಿಯಿಂದ ಹೊರಗೆ! ರಾಜಧಾನಿಗಿಂತ ಮುಂಡರಗಿ, ಶಿರಹಟ್ಟಿಗಳನ್ನು ಹೆಚ್ಚು ಆದರದಿಂದ ನೋಡಿದ ಸರ್ಕಾರಿ ಯಂತ್ರ ಇನ್ನೊಂದಿರಲಿಕ್ಕಿಲ್ಲ.

ಅದರಲ್ಲಿದ್ದ ಸಫೀರ್ ಎಂಬ ಫ್ರೆಂಚ್ ಉಪಕರಣ ಗಾಳಿಯಲ್ಲಿನ ನೀರಾವಿಯನ್ನು ಪದರು ಪದರಾಗಿ ಅಳೆಯುತ್ತಿತ್ತು. ನೀರಾವಿ ಒಂದು ನಿರ್ದಿಷ್ಟ ಸೂಕ್ಷ್ಮತರಂಗವನ್ನು ಹೀರುತ್ತದೆ. ಆ ತರಂಗದ ಆಸುಪಾಸಿನ ಆರು ಪಟ್ಟಿಗಳಲ್ಲಿ ನೋಡಿದರೆ ಯಾವ ಎತ್ತರದಲ್ಲಿ ಎಷ್ಟು ತೇವವಿದೆ ಎಂದು ಗೊತ್ತಾಗುತ್ತದೆ. ಮುಂಗಾರು ಬಂದರೂ ಮಳೆಯಾಗದೆ ಮೋಡ ದಾಟಿಹೋಗುವ ನಮ್ಮ ಎರೆಹೊಲದ ಸೀಮೆಗೆ ಇದು ಪುಸ್ತಕದ ವಿಷಯವಲ್ಲ. 2017ರಲ್ಲಿ ರಾಜ್ಯ ಸರ್ಕಾರ ವರ್ಷಧಾರೆ ಮೋಡ ಬಿತ್ತನೆಗೆ ಹೊರಟಾಗ ರಾಡಾರ್ ಇಟ್ಟ ಊರುಗಳಲ್ಲಿ ಗದಗವೂ ಒಂದು. ಮೋಡದಲ್ಲಿ ತೇವ ಎಷ್ಟಿದೆ ಎಂದು ತಿಳಿಯದೆ ಬಿತ್ತಿದರೆ ಹದವಿಲ್ಲದ ಹೊಲಕ್ಕೆ ಜೋಳ ಚೆಲ್ಲಿದಂತೆಯೇ.

ಮಳೆ ಅಳೆಯಬೇಕಿದ್ದ ಮದ್ರಾಸ್ ಎಂಬ ಉಪಕರಣ 2013ರ ಜನವರಿಯಲ್ಲಿ ಕೆಟ್ಟಿತು. ಉಳಿದವು ಮೂರು ವರ್ಷದ ಆಯುಸ್ಸಿಗೆ ಕಟ್ಟಿದ್ದರೂ 2021ರವರೆಗೆ ಮಾಹಿತಿ ಕೊಟ್ಟವು. 2023ರ ಮಾರ್ಚ್ 7ರಂದು, ಉಳಿದಿದ್ದ ಇಂಧನವನ್ನೇ ಉರಿಸಿ ಅದನ್ನು ಪೆಸಿಫಿಕ್ ಸಾಗರದ ಮೇಲೆ ಇಳಿಸಿದರು. ಕಸವಾಗಿ ಮೇಲೆ ಬಿಡದೆ ಜವಾಬ್ದಾರಿಯಿಂದ ಮುಗಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಗಲಿಲ್ಲ.

ಇಷ್ಟೆಲ್ಲ ನೀರಾವಿಯ ಮಾತಾಯಿತು. ಗಾಳಿಯ ರಸಾಯನ, ಅಂದರೆ ಓಝೋನ್, ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್‌ಗಳ ಲೆಕ್ಕ ಯಾರು ಇಡುತ್ತಿದ್ದಾರೆ? 2013ರಲ್ಲಿ ಹಾರಿದ ಇನ್ಸಾಟ್-3ಡಿ ಓಝೋನಿನ ಒಟ್ಟು ಪ್ರಮಾಣ ತಿಳಿಸಬಲ್ಲದಾಗಿತ್ತು. ಅಂಥ ಉಪಗ್ರಹಗಳನ್ನು ನಡೆಸುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರವೇ. ಮೇಘಾ-ಟ್ರೋಪಿಕ್ಸ್ ಹೋದ ರಾಕೆಟ್ಟಿನಲ್ಲಿಯೇ ತಮಿಳುನಾಡಿನ ಎಸ್‌ಆರ್‌ಎಂ ವಿದ್ಯಾರ್ಥಿಗಳು ಕಟ್ಟಿದ, ಇಂಗಾಲದ ಡೈಆಕ್ಸೈಡ್ ನೋಡುವ ಹನ್ನೊಂದು ಕಿಲೋದ ಪುಟ್ಟ ಉಪಗ್ರಹವೂ ಇತ್ತು. ಇದರಾಚೆಗೆ ನಾವು ಕೈಚಾಚುವುದು ಪರದೇಶಗಳತ್ತ. ಅಮೆರಿಕ 2004ರ ಜುಲೈ 15ರಂದು ಹಾರಿಸಿದ ಆರಾದಲ್ಲಿ ಡಚ್ಚರು, ಫಿನ್ಲೆಂಡಿನವರು ಕೊಟ್ಟ ಓಮಿ ಎಂಬ ಉಪಕರಣವಿದೆ. ನೆಲದಿಂದ ಮರಳುವ ಸೂರ್ಯನ ಬೆಳಕಿನಲ್ಲಿ ಒಂದೊಂದು ಅನಿಲ ಒಂದೊಂದು ಬಣ್ಣವನ್ನು ನುಂಗಿರುತ್ತದೆ. ಕಾಣೆಯಾದ ಬಣ್ಣದಿಂದ ಅನಿಲವೆಷ್ಟು ಎಂದು ಅದು ಲೆಕ್ಕ ಹಾಕುತ್ತದೆ. ಚೀನಾವನ್ನು ದಾಟಿ ಭಾರತ ಗಂಧಕದ ಹೊಗೆಯಲ್ಲಿ ಮುಂದೆ ಬರುತ್ತಿದೆ ಎಂದು 2017ರಲ್ಲಿ ಜಗತ್ತಿಗೆ ತಿಳಿದದ್ದು ಇದರ ದಾಖಲೆಯಿಂದ. ಓಮಿ ಸಾಮಾನ್ಯವಾಗಿ ನೋಡುವ ಸಣ್ಣ ಚೌಕ 13 ಕಿಲೋಮೀಟರ್ ಅಗಲ, 24 ಉದ್ದ. ಅಂತೂರವನ್ನೂ ಬೆಂತೂರವನ್ನೂ ಬೇರೆ ಮಾಡಿ ನೋಡಲು ಅದಕ್ಕೆ ಆಗದು. 2017ರಲ್ಲಿ ಹಾರಿದ ಯುರೋಪಿನ ಟ್ರೋಪೋಮಿ ಅದಕ್ಕಿಂತ ಹತ್ತಾರು ಪಟ್ಟು ಸಣ್ಣ ಚೌಕಗಳಲ್ಲಿ ನೋಡುತ್ತದೆ.

ಈ ಲೆಕ್ಕ ನಮಗೇಕೆಂದರೆ, ನೆಲಮಟ್ಟದ ಓಝೋನ್ ಬೆಳೆಯ ಎಲೆ ಸುಡುತ್ತದೆ, ಗೋಧಿಯ ಇಳುವರಿ ತಗ್ಗಿಸುತ್ತದೆ. ರಾಯಚೂರು, ಬಳ್ಳಾರಿ, ಕೂಡಗಿಯ ಕಲ್ಲಿದ್ದಲು ಸ್ಥಾವರಗಳ ನಡುವೆ ಬೇಸಾಯ ಮಾಡುವ ನಮಗೆ ಗಾಳಿ ಬೀಸಿದತ್ತ ಹೊಗೆ ಎಲ್ಲಿಗೆ ಹೋಯಿತು ಎಂಬ ಲೆಕ್ಕ ಬೇಕು. ಮೇಘಾ-ಟ್ರೋಪಿಕ್ಸ್ ಹಿಡಿದ ದಾರಿಯಲ್ಲಿಯೇ, ಗಾಳಿಯ ರಸಾಯನ ಅಳೆಯುವುದಕ್ಕೆಂದೇ ಒಂದು ಉಪಗ್ರಹವನ್ನು ಬೆಂಗಳೂರಿನ ಈ ಕೇಂದ್ರ ಕಟ್ಟಬೇಕು. ಷೆಡ್ಡಿನಲ್ಲಿ ಕೂತು ಮೂರು ವರ್ಷದಲ್ಲಿ ಆರ್ಯಭಟ ಕಟ್ಟಿದವರ ಸಂಸ್ಥೆಗೆ ಇದು ಕೈಗೆಟುಕದ ಕೆಲಸವಲ್ಲ, ಕೇಳುವವರು ಬೇಕು. ಗದಗ ಸೀಮೆಯ ಕಾಲೇಜುಗಳು, ರೈತ ಸಂಘಟನೆಗಳು ಆ ಬೇಡಿಕೆಯನ್ನು ಈಗಲೇ ಬರೆದು ಕಳಿಸಲಿ.