ನೂರಾ ಆರು ಪರ್ಸೆಂಟ್ ಮಳೆಯೂ ನಮ್ಮ ಭರಣಿಯೂ

2016ರ ಯುಗಾದಿ. ಆಗಿನ್ನೂ ಇಂಜಿನಿಯರಿಂಗ್ ಓದುತ್ತಿದ್ದೆ, ಹಬ್ಬಕ್ಕೆ ತಿಪಟೂರು ಕಡೆ ನಮ್ಮೂರಿಗೆ ಹೋಗಿದ್ದೆ. ಸಂಜೆ ದೇವಸ್ಥಾನದಲ್ಲಿ ಪಂಚಾಂಗ ಓದಿ, ಈ ವರ್ಷ ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಅಂತ ಪಾಲು ಹಂಚಿದರು. ನಾಲ್ಕು ದಿನ ಬಿಟ್ಟು, ಏಪ್ರಿಲ್ 12ಕ್ಕೆ, ಟೀವಿಯಲ್ಲಿ ಹವಾಮಾನ ಇಲಾಖೆಯ ಪಂಚಾಂಗವೂ ಬಂತು: ದೇಶಕ್ಕೆ ವಾಡಿಕೆಯ 106 ಪರ್ಸೆಂಟ್ ಮಳೆ! ಹಿಂದಿನ ಎರಡು ವರ್ಷ 88, 86ಕ್ಕೆ ನಿಂತಿತ್ತು. ಖುಷಿಯಿಂದ ತಾತನಿಗೆ ಹೇಳಿದೆ. ಅವರು ತೋಟದ ಕಡೆ ನೋಡುತ್ತಾ, "ಅದ್ರಾಗೆ ಭರಣಿ ಎಷ್ಟೈತ್ಲಾ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ 106ರೊಳಗೆ ಭರಣಿ ಇರುವುದೇ ಇಲ್ಲ ಅಂತ ಆಮೇಲೆ ಓದಿ ತಿಳಿದೆ. ಇಲಾಖೆಯ ಲೆಕ್ಕ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ. ಭರಣಿ ಏಪ್ರಿಲ್ ಕೊನೆಗೆ ಶುರುವಾಗಿ ಮೇ ಎರಡನೇ ವಾರಕ್ಕೆ ಮುಗಿಯುತ್ತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೆಸರು ಬಿತ್ತುವುದು, ಬೇಸಿಗೆಯಲ್ಲಿ ಬಾಡಿದ ತೆಂಗು ಉಸಿರಾಡುವುದು ಇಂಥ ಮಳೆಗಳ ಮೇಲೆ. ಅಕ್ಟೋಬರಿನ ಹಿಂಗಾರೂ ಲೆಕ್ಕದ ಹೊರಗೆ. ಅಂದರೆ ನಮ್ಮ ಮಳೆಗಾಲದ ತಲೆಯೂ ಇಲ್ಲ, ಬಾಲವೂ ಇಲ್ಲ :)

ಈ ಲೆಕ್ಕ ಹುಟ್ಟಿದ್ದು ಎಲ್ಲಿಂದ ಅಂತ ಹುಡುಕುತ್ತಾ ಹೋದರೆ ನಮ್ಮ ಬರಕ್ಕೇ ಬಂದು ನಿಲ್ಲುತ್ತೆ. 1876ರಿಂದ 78ರವರೆಗಿನ ಕ್ಷಾಮ, ಹಿರಿಯರ ಬಾಯಲ್ಲಿ ಧಾತು ಈಶ್ವರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ, 1881ರಲ್ಲಿ ಸುಮಾರು 42 ಲಕ್ಷ. ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆ! ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ, ಬರಕ್ಕೆ ಒಂದೇ ವರ್ಷ ಮುಂಚೆ. ಮುಂದಿನ ಬರವನ್ನಾದರೂ ಮೊದಲೇ ಹೇಳಿ ಅಂತ ಸರ್ಕಾರ ಕೇಳಿತು. ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿದ. ಚಳಿಗಾಲ, ವಸಂತದಲ್ಲಿ ಹಿಮ ಜಾಸ್ತಿಯಾದರೆ ಮಳೆ ಕಡಿಮೆ ಅನ್ನುವುದು ಅವನ ತರ್ಕ. 1886ರ ಜೂನ್ 4ರಂದು ಮೊದಲ ಅಧಿಕೃತ ಮುನ್ಸೂಚನೆ ಹೊರಬಿತ್ತು. ಆಮೇಲೆ ಬಂದ ಜಾನ್ ಎಲಿಯಟ್ ದೊಡ್ಡ ದೊಡ್ಡ ವರದಿ ಬರೆದ, ಆದರೂ 1899ರ ಭೀಕರ ಬರ ಅವನ ಲೆಕ್ಕಕ್ಕೆ ಸಿಗಲಿಲ್ಲ.

ನನಗೆ ಇಷ್ಟವಾದವನು 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್. ಕೇಂಬ್ರಿಜ್ಜಿನ ಗಣಿತದವನು, ಹವಾಮಾನದ ಗಂಧಗಾಳಿ ಇಲ್ಲ. (1913ರಲ್ಲಿ ಮದ್ರಾಸ್ ಬಂದರಿನ ಗುಮಾಸ್ತ ರಾಮಾನುಜನ್ ಅವರ ಲೆಕ್ಕ ನೋಡಿ ವಿಶ್ವವಿದ್ಯಾಲಯಕ್ಕೆ ಶಿಫಾರಸು ಪತ್ರ ಬರೆದದ್ದೂ ಇವನೇ.) ಯಾಕೆ ಅಂತ ಗೊತ್ತಿಲ್ಲದಿದ್ದರೆ ಬೇಡ, ಯಾವುದರ ಜೊತೆ ಯಾವುದು ಏರುತ್ತೆ ಇಳಿಯುತ್ತೆ ಅಂತ ನೋಡೋಣ ಅಂತ, ಗುಮಾಸ್ತರನ್ನು ಕೂರಿಸಿಕೊಂಡು ಲೋಕದ ಅಂಕಿಗಳನ್ನೆಲ್ಲ ಹೋಲಿಸಿದ. ನಾವೀಗ ಮೆಷಿನ್ ಲರ್ನಿಂಗ್ ಅಂತ ಮಾಡುವುದೂ ಹೆಚ್ಚುಕಡಿಮೆ ಅದೇ. ಹಾಗೆ ಸಿಕ್ಕಿದ್ದು ಸದರ್ನ್ ಆಸಿಲೇಶನ್: ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ, ಏತದ ಎರಡು ತುದಿಯ ಹಾಗೆ. ಈಗ ಎಲ್ಲರ ಬಾಯಲ್ಲೂ ಇರುವ ಎಲ್ ನಿನೋದ ಇನ್ನರ್ಧ ಇದೇ.

ವಾಕರ್ ದೇಶವನ್ನು ಭಾಗ ಮಾಡಿ, ದಕ್ಷಿಣಕ್ಕೆ ಬೇರೆಯೇ ಮುನ್ಸೂಚನೆ ಕೊಡುತ್ತಿದ್ದ. 1988ರಲ್ಲಿ ವಸಂತ ಗೋವಾರೀಕರ್ ತಂಡದ ಹದಿನಾರು ಅಂಶಗಳ ಮಾದರಿ ಬಂದು ಇಡೀ ದೇಶಕ್ಕೆ ಒಂದೇ ಸಂಖ್ಯೆ ಆಯಿತು. 2002ರವರೆಗೆ ಅದು ನಡೆಯಿತು. ಆ ವರ್ಷ 101 ಅಂದಿದ್ದರು, ಬಂದಿದ್ದು 81. ಮರುವರ್ಷವೇ ಮಾದರಿ ಬದಲಾಯಿತು. ಭಾಗವಾರು ಅಂಕಿಗಳೂ ಮತ್ತೆ ಬಂದವು, ಆದರೆ ಹೆಡ್‌ಲೈನ್ ಆಗುವುದು ದೇಶದ ಅಂಕಿಯೇ.

2016ರ ಕಥೆಗೆ ಬರೋಣ. ಜೂನ್‌ನಲ್ಲಿ ದಕ್ಷಿಣಕ್ಕೆ 113 ಅಂದರು, ಬಿದ್ದಿದ್ದು 92. ಇಡೀ ದೇಶಕ್ಕೆ 97 ಬಂತು. ಕಾಗದದಲ್ಲಿ ಅದು "ವಾಡಿಕೆ ಮಳೆ"! ಅದರ ಹಿಂದೆಯೇ ಹಿಂಗಾರೂ ಪೂರ್ತಿ ಕೈಕೊಟ್ಟು, ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತ ಪಟ್ಟಿ ಸೇರಿದವು. ಬೋರ್‌ವೆಲ್ ಬತ್ತಿದವು. 2017ರ ಬೇಸಿಗೆಗೆ ನಮ್ಮ ತೋಟದಲ್ಲಿ ಹಳೇ ಮರಗಳು ಗರಿ ಜೋತುಬಿಟ್ಟು, ಒಂದೊಂದಾಗಿ ಸುಳಿ ಒಣಗಿ ನಿಂತವು. ತಾತನೇ ಸಸಿ ನೆಟ್ಟು ನೀರು ಹೊತ್ತು ಬೆಳೆಸಿದ ಮರಗಳು. ಕಡಿಸುವ ದಿನ ಅವರು ತೋಟಕ್ಕೆ ಬರಲಿಲ್ಲ.

ಉಳಿದ ಮರಗಳದ್ದು ಇನ್ನೊಂದು ಲೆಕ್ಕ. ತೆಂಗಿನ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಮೂಡಿ ಹೊರಗೆ ಬಿರಿಯುವುದಕ್ಕೆ ಸುಮಾರು 32 ತಿಂಗಳು ಬೇಕು, ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಈ ವರ್ಷದ ಮಳೆ ನೆಚ್ಚಿಕೊಂಡಿರುವ ಕಾಯಿ ಕೀಳುವುದು ನಾಲ್ಕನೇ ವರ್ಷಕ್ಕೆ. ಅದು ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಲು ಮತ್ತೊಂದು ವರ್ಷ. ಸುತ್ತಮುತ್ತ ಚೆನ್ನಾಗಿ ಮಳೆಯಾದ ಮೇಲೂ, 2020ರಲ್ಲಿ ಲಾಕ್‌ಡೌನ್ ಅಂತ ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದಾಗ ನಮ್ಮ ಅಟ್ಟ ಅರ್ಧ ಖಾಲಿಯಾಗಿತ್ತು.